ಓದುಗರ ಪ್ರಶ್ನೆ: ಹೇಳಿದ್ದನ್ನು ಮಗು ಮಾಡುವುದು ಯಾವಾಗ?

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೂವರೆಯಿಂದ ಮೂರು ವರ್ಷದೊಳಗಿನ ಮಕ್ಕಳ ಬಗ್ಗೆಯೇ ಇವೆ. ಕಲಬುರಗಿ, ಬೀದರ್, ಯಾದಗಿರಿ ಮೂರೂ ಜಿಲ್ಲೆಯವರು ಬರೆದಿದ್ದಾರೆ, ಮತ್ತು ಎಲ್ಲರದ್ದೂ ಹತ್ತಿರ ಹತ್ತಿರ ಒಂದೇ ದೂರು: ಮಗು ಹೇಳಿದ್ದು ಮಾಡಲ್ಲ. ಹೆಸರು ಹಾಕಬೇಡಿ ಅಂತ ಕೆಲವರು ಕೇಳಿಕೊಂಡಿದ್ದರಿಂದ ಯಾರ ಹೆಸರನ್ನೂ ಹಾಕಿಲ್ಲ. ಉದ್ದ ಪತ್ರಗಳನ್ನು ಸ್ವಲ್ಪ ಚಿಕ್ಕದು ಮಾಡಿದ್ದೇನೆ.

ಪ್ರಶ್ನೆ: ನನ್ನ ಮಗನಿಗೆ ಒಂದು ವರ್ಷ ಎಂಟು ತಿಂಗಳು. ಬೆಳಿಗ್ಗೆ ನಾನು ರೊಟ್ಟಿ ಬಡಿಯುವಾಗ ಅವನು ಹೊರಗಿನ ಕೋಣೆಯಲ್ಲಿ ಆಡುತ್ತಿರುತ್ತಾನೆ. 'ಆಟಿಗಿ ಸಾಮಾನು ಬುಟ್ಟ್ಯಾಗ ಹಾಕು, ಚಪ್ಪಲ್ ಬಾಯಾಗ ಇಡಬ್ಯಾಡ, ಇಲ್ಲಿ ಬಾ' ಅಂತ ಒಳಗಿನಿಂದ ಕೂಗಿ ಕೂಗಿ ಗಂಟಲು ಒಣಗುತ್ತದೆ. ತಿರುಗಿ ಕೂಡ ನೋಡಲ್ಲ. ಬಿಸ್ಕೆಟ್ ಪಾಕೀಟಿನ ಸಪ್ಪಳ ಆದರೆ ಮಾತ್ರ ಓಡಿ ಬರುತ್ತಾನೆ. 'ನೀನೇ ಮುದ್ದು ಮಾಡಿ ಕೆಡಿಸೀದಿ' ಅಂತ ಅತ್ತೆಯವರು ಅನ್ನುತ್ತಾರೆ. ನಿಜವಾಗಿಯೂ ನಾನೇ ಕೆಡಿಸಿದ್ದೇನಾ?
ಒಬ್ಬ ತಾಯಿ, ಕಲಬುರಗಿ

ಉತ್ತರ: ಇಲ್ಲ ತಂಗಿ, ಮುದ್ದು ಮಾಡಿದ್ದಕ್ಕೆ ಯಾವ ಮಗುವೂ ಕೆಡುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ನಿಮ್ಮ ಪತ್ರದಲ್ಲಿ ಮಗನ ಚಿಂತೆಗಿಂತ ಆ ಮಾತಿನ ನೋವೇ ಜಾಸ್ತಿ ಕಾಣಿಸಿತು.

ಈಗ ನೀವು ಬರೆದಿದ್ದನ್ನೇ ಇನ್ನೊಮ್ಮೆ ಓದಿ ನೋಡಿ. ಒಂದೇ ಉಸಿರಿಗೆ ಮೂರು ಕೆಲಸ ಹೇಳಿದ್ದೀರಿ. ಗೋಡೆಯ ಆಚೆಯಿಂದ ಹೇಳಿದ್ದೀರಿ. ಅದರಲ್ಲಿ ಒಂದು 'ಬ್ಯಾಡ'. 20 ತಿಂಗಳ ಮಗುವಿಗೆ ಇದು ತುಂಬಾ ಜಾಸ್ತಿಯಾಯಿತು. ಅವನು ಹಟ ಮಾಡುತ್ತಿದ್ದಾನೆ ಅಂತ ನಮಗೆ ಅನಿಸುತ್ತದೆ, ಆದರೆ ಎಷ್ಟೋ ಸಲ ನಾವು ಹೇಳಿದ್ದು ಅವನವರೆಗೆ ಮುಟ್ಟಿಯೇ ಇರುವುದಿಲ್ಲ.

ಯಾವ ವಯಸ್ಸಿಗೆ ಏನು ನಿರೀಕ್ಷೆ ಮಾಡಬಹುದು ಅಂತ ತಿಳಿದರೆ ಅರ್ಧ ಸಿಟ್ಟು ಇಳಿಯುತ್ತದೆ. ಅಮೆರಿಕ ಸರ್ಕಾರದ ಆರೋಗ್ಯ ಸಂಸ್ಥೆಯಾದ ಸಿಡಿಸಿ ಮಕ್ಕಳ ಬೆಳವಣಿಗೆಯ ಪಟ್ಟಿಯನ್ನು 2022ರಲ್ಲಿ ಪರಿಷ್ಕರಿಸಿತು. ಮುಕ್ಕಾಲು ಪಾಲು ಅಥವಾ ಅದಕ್ಕಿಂತ ಹೆಚ್ಚು ಮಕ್ಕಳು ಯಾವ ತಿಂಗಳಿಗೆ ಏನು ಮಾಡುತ್ತಾರೆ ಅನ್ನುವುದು ಅದರಲ್ಲಿದೆ. ಅದರ ಪ್ರಕಾರ 15 ತಿಂಗಳಿಗೆ ಮಾತು, ಸನ್ನೆ ಎರಡೂ ಬೇಕು. ನಾವು ಕೈ ಚಾಚಿ 'ಕೊಡು' ಅಂದರೆ ಮಗು ಕೊಡುತ್ತದೆ. 18 ತಿಂಗಳಿಗೆ ಸನ್ನೆ ಇಲ್ಲದೆ ಬರೀ ಮಾತಿಗೆ ಒಂದು ಕೆಲಸ ಮಾಡುತ್ತದೆ. 'ಆಟಿಕೆ ಕೆಳಗಿಡು, ಬಾಗಿಲು ಹಾಕು' ಅಂತ ಎರಡು ಕೆಲಸ ಜೋಡಿಸಿ ಹೇಳಿದರೆ ಮಾಡುವುದು 30 ತಿಂಗಳಿಗೆ, ಅಂದರೆ ಎರಡೂವರೆ ವರ್ಷಕ್ಕೆ. ನಿಮ್ಮ ಮಗ ಇನ್ನೂ ಒಂದು ಮಾತಿಗೆ ಒಂದು ಕೆಲಸದ ವಯಸ್ಸಿನಲ್ಲಿದ್ದಾನೆ. ಆ ಒಂದೂ ಪ್ರತಿ ಸಲ ಆಗುತ್ತದೆ ಅಂತಲ್ಲ. ಆಟದಲ್ಲಿ ಮುಳುಗಿದ್ದರೆ, ನಿದ್ದೆ ಬಂದಿದ್ದರೆ, ಹಸಿವಾಗಿದ್ದರೆ ಅದೂ ಆಗಲ್ಲ.

ಇನ್ನು ಬಿಸ್ಕೆಟ್ ಪಾಕೀಟು. ಇದನ್ನು ನೀವು ದೂರಾಗಿ ಬರೆದಿದ್ದೀರಿ, ನನಗೆ ಇದರಲ್ಲೇ ಉತ್ತರ ಕಾಣುತ್ತದೆ. ಆ ಸಪ್ಪಳಕ್ಕೆ ಅವನ ಮಟ್ಟಿಗೆ ಒಂದೇ ಅರ್ಥ. ಸಪ್ಪಳ ಆಯಿತು ಅಂದರೆ ಬಿಸ್ಕೆಟ್ ಬಂದೇ ಬರುತ್ತದೆ, ಯಾವತ್ತೂ ತಪ್ಪಲ್ಲ. ಆದರೆ 'ಇಲ್ಲಿ ಬಾ' ಅನ್ನುವ ಮಾತಿನ ಹಿಂದೆ ಏನೂ ಆಗುವುದಿಲ್ಲ. ಹತ್ತು ಸಲ ಕೇಳಿಸುತ್ತದೆ, ಒಂಬತ್ತು ಸಲ ಅಲ್ಲಿಗೇ ಮುಗಿಯುತ್ತದೆ. ಹಾಗಾಗಿ ಅದು ಅವನಿಗೆ ಕೂಲರ್ ಸದ್ದಿನ ಹಾಗೆ ಹಿಂದೆ ನಡೆಯುತ್ತಿರುವ ಒಂದು ಸದ್ದು ಅಷ್ಟೇ. ನೀವು ಮಾಡಬೇಕಾದ್ದು ಇಷ್ಟೇ, ಆದರೆ ಇದು ಸುಲಭವಲ್ಲ: ಎದ್ದು ಹೋಗಿ ಮಾಡಿಸುವ ಪುರುಸೊತ್ತು ಇದ್ದಾಗ ಮಾತ್ರ ಹೇಳಿ. ಹೇಳಿದಿರಿ ಅಂದರೆ ಅದು ಆಗುವ ತನಕ ಅವನ ಜೊತೆಗೇ ಇರಿ. ದಿನಕ್ಕೆ ಐವತ್ತು ಮಾತು ಹೇಳುವ ಬದಲು ಐದೇ ಹೇಳಿ, ಐದೂ ಆಗಲಿ.

ಹಾಗಾಗಿ ರೊಟ್ಟಿ ಬಡಿಯುವ ಹೊತ್ತು ಕಲಿಸುವ ಹೊತ್ತಲ್ಲ. ಕೈ ತುಂಬಾ ಹಿಟ್ಟು, ಹಂಚು ಕಾದಿದೆ, ನೀವು ಏಳುವುದು ಹೇಗೆ? ಆಗ ಅವನನ್ನು ಒಲೆಯಿಂದ ದೂರ, ನಿಮ್ಮ ಕಣ್ಣಿಗೆ ಕಾಣುವ ಕಡೆ ಕೂಡಿಸಿ. ಒಂದು ಸ್ಟೀಲ್ ತಾಟು, ಒಂದು ಉಂಡೆ ಹಿಟ್ಟು ಕೊಟ್ಟುಬಿಡಿ. ಅತ್ತೆಯವರು ಜೊತೆಗಿದ್ದರೆ ಇನ್ನೂ ಒಳ್ಳೆಯದು. ಕಲಿಸುವುದಕ್ಕೆ ಸ್ನಾನ ಆದ ಮೇಲೆ, ಊಟಕ್ಕೆ ಮುಂಚೆ, ಸಂಜೆ ಮುತ್ಯಾ ಮನೆಗೆ ಬರುವ ಹೊತ್ತು, ಹೀಗೆ ಕೈ ಖಾಲಿ ಇರುವ ಹೊತ್ತನ್ನು ನೋಡಿಕೊಳ್ಳಿ.

ಮಾಡುವ ರೀತಿ ಹೀಗೆ. ಹತ್ತಿರ ಹೋಗಿ. ಅವನ ಎತ್ತರಕ್ಕೆ ಕುಳಿತುಕೊಳ್ಳಿ. ಹೆಗಲ ಮೇಲೆ ಕೈ ಇಟ್ಟು ಹೆಸರು ಕರೆಯಿರಿ, ನಿಮ್ಮ ಮುಖ ನೋಡುವ ತನಕ ಮುಂದಿನ ಮಾತು ಬೇಡ. ನೋಡಿದ ಮೇಲೆ ಎರಡೇ ಪದ: 'ಚೆಂಡು ಕೊಡು.' ಆಮೇಲೆ ಸುಮ್ಮನಿರಿ. ಈ ಸುಮ್ಮನಿರುವುದೇ ನಮಗೆ ಆಗದ ಕೆಲಸ. ಮಗು ಮಾತು ಕೇಳಿಸಿಕೊಳ್ಳಬೇಕು, ಅದು ಏನು ಅಂತ ತಿಳಿಯಬೇಕು, ಕೈಯಲ್ಲಿರುವ ಆಟ ಬಿಡಬೇಕು, ಚೆಂಡು ಎಲ್ಲಿದೆ ನೋಡಬೇಕು, ಎದ್ದು ಹೋಗಬೇಕು. ಇದಕ್ಕೆಲ್ಲ ಐದು ಸೆಕೆಂಡು, ಕೆಲವು ಮಕ್ಕಳಿಗೆ ಹತ್ತು ಸೆಕೆಂಡು ಬೇಕಾಗುತ್ತದೆ. ಅಷ್ಟರೊಳಗೆ ನಾವು 'ಕೊಡು, ಅಲ್ಲೇ ಅದ ನೋಡು, ತಗೊಂಬಾ, ಕೇಳಸ್ತಿಲ್ಲೇನು' ಅಂತ ನಾಲ್ಕು ಮಾತು ಸುರಿದರೆ ಅವನು ಪ್ರತಿ ಸಲ ಮೊದಲಿನಿಂದ ಶುರು ಮಾಡಬೇಕು.

ಕಾದರೂ ಆಗಲಿಲ್ಲವೇ? ಅದೇ ಮಾತನ್ನು ಇನ್ನೊಂದೇ ಸಲ ಹೇಳಿ, ಈ ಸಲ ಬೆರಳು ತೋರಿಸಿ. ಆಗಲೂ ಇಲ್ಲ ಅಂದರೆ ಕೈ ಹಿಡಿದು ಕರೆದುಕೊಂಡು ಹೋಗಿ ಇಬ್ಬರೂ ಸೇರಿ ಚೆಂಡು ಎತ್ತಿ, ಬುಟ್ಟಿಗೆ ಅವನ ಕೈಯಿಂದಲೇ ಹಾಕಿಸಿ. ಗದರಬೇಡಿ, ಮುಖ ಗಂಟು ಹಾಕಬೇಡಿ. ಹಾಕಿದ ಕೂಡಲೇ 'ಚೆಂಡು ಬುಟ್ಟ್ಯಾಗ ಹಾಕಿದಿ!' ಅನ್ನಿ. 'ಶಾಣ್ಯಾ' ಅನ್ನುವುದು ನಮ್ಮ ಬಾಯಿಗೆ ಬರುವ ಮಾತು, ಅದನ್ನೂ ಅನ್ನಿ, ಆದರೆ ಅವನು ಮಾಡಿದ ಕೆಲಸದ ಹೆಸರನ್ನು ಜೊತೆಗೆ ಸೇರಿಸಿದರೆ ಯಾವುದಕ್ಕೆ ಶಾಣ್ಯಾ ಅನ್ನಿಸಿಕೊಂಡೆ ಅಂತ ಅವನಿಗೆ ಗೊತ್ತಾಗುತ್ತದೆ. ಕೈ ಹಿಡಿದು ಮಾಡಿಸಿದ್ದೂ ಲೆಕ್ಕಕ್ಕೆ ಬರುತ್ತದೆ. ಕಲಿಯುವುದೇ ಹಾಗೆ.

'ಬ್ಯಾಡ' ವಿಷಯಕ್ಕೆ ಬರೋಣ. 'ಚಪ್ಪಲ್ ಬಾಯಾಗ ಇಡಬ್ಯಾಡ' ಅಂದರೆ ಈ ವಯಸ್ಸಿನ ಮಗುವಿಗೆ ಚಪ್ಪಲಿ, ಬಾಯಿ ಇವೆರಡು ಗೊತ್ತಾಗುತ್ತವೆ. ಮಾಡುತ್ತಿರುವುದನ್ನು ನಿಲ್ಲಿಸುವುದು ಈ ಮಕ್ಕಳಿಗೆ ಎಲ್ಲಕ್ಕಿಂತ ಕಷ್ಟದ ಕೆಲಸ, ಅದಕ್ಕೆ ಬೇಕಾದ ಹಿಡಿತ ಇನ್ನೂ ಬಂದಿರುವುದಿಲ್ಲ. ನಿಲ್ಲಿಸಿ ಆಮೇಲೆ ಏನು ಮಾಡಬೇಕು ಅಂತ ನಾವೂ ಹೇಳಿರುವುದಿಲ್ಲ. 'ಚಪ್ಪಲ್ ಕೆಳಗ ಇಡು' ಅನ್ನಿ. ಇಟ್ಟ ಮೇಲೆ ಬಾಯಿಗೆ ಇಡಬಹುದಾದ ಏನಾದರೂ ಕೊಡಿ, ಸೌತೆಕಾಯಿ ತುಂಡಾದರೂ ಆದೀತು, ಆದರೆ ತಿನ್ನುವಾಗ ಪಕ್ಕದಲ್ಲಿ ಇರಿ.

ಇನ್ನೊಂದು ಮಾತು ಕಲಬುರಗಿಯವರಿಗೇ ಹೇಳಬೇಕು. ಮಾರ್ಚ್‌ನಿಂದ ಜೂನ್ ತನಕ ನಮ್ಮ ಮನೆಗಳಲ್ಲಿ ಕೂಲರ್ ನಿಲ್ಲುವುದೇ ಇಲ್ಲ, ಅದರ ಮೇಲೆ ಟಿವಿ. ಕೆಳಗೆ ಶಹಾಬಾದ್ ಫರಸಿ, ಸುತ್ತ ಬರೀ ಗೋಡೆ, ಸದ್ದೆಲ್ಲ ತಿರುಗಿ ಬರುತ್ತದೆ. ನಮಗೆ ಅರ್ಧ ಮಾತು ಕೇಳಿಸಿದರೂ ಉಳಿದರ್ಧ ಊಹೆಯಿಂದ ತುಂಬಿಕೊಳ್ಳುತ್ತೇವೆ. ಭಾಷೆಯನ್ನೇ ಈಗ ಕಲಿಯುತ್ತಿರುವ ಮಗುವಿಗೆ ಆ ಊಹೆ ಎಲ್ಲಿಂದ ಬರಬೇಕು? ಗದ್ದಲದಲ್ಲಿ ಮಾತು ಹಿಡಿಯುವುದು ದೊಡ್ಡವರಿಗಿಂತ ಮಕ್ಕಳಿಗೆ ತುಂಬಾ ಕಷ್ಟ. ಟಿವಿ ಆರಿಸಿ. ಕೂಲರ್ ಆರಿಸುವುದು ಈ ಬಿಸಿಲಿನಲ್ಲಿ ಆಗದ ಮಾತು, ಅದಕ್ಕೇ ಹತ್ತಿರ ಹೋಗಿ ಹೇಳಿ ಅಂದಿದ್ದು.

ಕೆಲಸ ಯಾವುದು ಹೇಳಬೇಕು ಅಂತ ಯೋಚಿಸುತ್ತಿದ್ದರೆ, ಮನೆಯ ನಿಜವಾದ ಕೆಲಸವನ್ನೇ ಹೇಳಿ. ಉಳ್ಳಾಗಡ್ಡಿ ಚೀಲದಿಂದ ಬುಟ್ಟಿಗೆ ಹಾಕುವುದು, ಮುತ್ಯಾನಿಗೆ ಟವೆಲ್ ಕೊಡುವುದು, ಒದ್ದೆ ಅಂಗಿ ಬಕೆಟ್ಟಿಗೆ ಹಾಕುವುದು, ಊಟಕ್ಕೆ ಚಮಚ ತರುವುದು. 'ಮೂಗು ತೋರ್ಸು, ಕಿವಿ ತೋರ್ಸು' ಆಟವೂ ಚೆನ್ನಾಗಿದೆ, ಆದರೆ ಮನೆಯವರಿಗೆ ಬೇಕಾದ ವಸ್ತುವನ್ನು ತಂದುಕೊಟ್ಟಾಗ ಮಗುವಿನ ಮುಖದಲ್ಲಿ ಬರುವ ಖುಷಿಯೇ ಬೇರೆ. ಅತ್ತೆಯವರಿಗೂ ಒಂದು ಕೆಲಸ ಒಪ್ಪಿಸಿ: ದಿನಾ ಊಟಕ್ಕೆ ಮುಂಚೆ 'ಅಜ್ಜಿಗಿ ತಾಟು ಕೊಡು' ಅಂತ ನೀವು ಹೇಳಿ, ಅವರು ಕೈ ಚಾಚಿ ಕಾಯಲಿ. ಅವನು ಪುಟುಪುಟು ನಡೆದು ತಂದುಕೊಟ್ಟ ಮೇಲೆ 'ಕೆಡಿಸೀದಿ' ಅನ್ನುವ ಮಾತು ಅವರ ಬಾಯಿಂದ ಬರುವುದು ಕಷ್ಟ.

ಪ್ರಶ್ನೆ: ಎರಡು ವರ್ಷದ ಮಗ ಕೂಲರ್ ಜಾಳಿಗೆಗೆ ಬೆರಳು ಹಾಕುತ್ತಾನೆ, ಬಚ್ಚಲಿನ ಬಕೆಟ್ಟಿಗೆ ಬಗ್ಗುತ್ತಾನೆ. ಎಷ್ಟು ಹೇಳಿದರೂ ಅಷ್ಟೇ. ಒಂದೇಟು ಕೊಡದೆ ಬುದ್ಧಿ ಬರುತ್ತದಾ?
ಒಬ್ಬ ತಂದೆ, ಸೇಡಂ

ಉತ್ತರ: ಏಟಿನಿಂದ ನಿಮ್ಮನ್ನು ಕಂಡರೆ ಹೆದರಿಕೆ ಬರುತ್ತದೆ. ಕೂಲರ್ ಬಗ್ಗೆ ಬುದ್ಧಿ ಬರುವುದಿಲ್ಲ. ನೀವು ಹೊರಗೆ ಹೋದ ಮೇಲೆ ಬೆರಳು ಮತ್ತೆ ಅಲ್ಲೇ ಇರುತ್ತದೆ.

ಜೀವಕ್ಕೆ ಅಪಾಯ ಇರುವ ಕಡೆ ಎರಡು ವರ್ಷದ ಮಗುವಿನ ವಿಧೇಯತೆಯನ್ನು ನಂಬಬಾರದು, ಎಷ್ಟೇ ಜಾಣ ಮಗುವಾದರೂ. ವಸ್ತುವನ್ನೇ ದೂರ ಮಾಡಬೇಕು. ಕೂಲರ್ ಅನ್ನು ಕಿಟಕಿಯ ಹೊರಗೆ ಸ್ಟ್ಯಾಂಡ್ ಮೇಲೆ ಇಡಿಸಿ, ಅದರ ವೈರು, ಪ್ಲಗ್ ಮಗುವಿನ ಕೈಗೆ ಸಿಗದ ಹಾಗೆ ನೋಡಿಕೊಳ್ಳಿ. ನೀರು ಯಾವಾಗ ಬರುತ್ತದೋ ಅಂತ ನಾವು ಬಕೆಟ್, ಡ್ರಮ್ ಎಲ್ಲ ತುಂಬಿಸಿ ಇಡುತ್ತೇವೆ. ಪುಟ್ಟ ಮಗು ಬಕೆಟ್ಟಿಗೆ ತಲೆ ಕೆಳಗಾಗಿ ಬಿದ್ದರೆ ಮೇಲೆ ಏಳಲು ಆಗುವುದಿಲ್ಲ, ಕೆಲವೇ ಇಂಚು ನೀರು ಸಾಕು, ಸದ್ದೂ ಆಗುವುದಿಲ್ಲ. ಡ್ರಮ್ಮಿಗೆ ಗಟ್ಟಿ ಮುಚ್ಚಳ, ಬಚ್ಚಲ ಬಾಗಿಲಿಗೆ ಮೇಲಿನ ಚಿಲಕ, ಖಾಲಿ ಬಕೆಟ್ ಬೋರಲು. ಇದನ್ನು ಇವತ್ತೇ ಮಾಡಿ.

ಆಮೇಲೆ ಒಂದು ಮಾತು ಕಲಿಸಿ: 'ನಿಂದ್ರು'. ಇದನ್ನು ಅಪಾಯದ ಹೊತ್ತಿನಲ್ಲಿ ಕಲಿಸಲಾಗದು, ಆಟದಲ್ಲಿ ಕಲಿಸಬೇಕು. ಸಂಜೆ ಮಾಳಿಗೆ ಮೇಲೋ ಪಾರ್ಕಿನಲ್ಲೋ ಕೈ ಹಿಡಿದು ಇಬ್ಬರೂ ಓಡಿ, 'ನಿಂದ್ರು' ಅಂದ ಕೂಡಲೇ ನೀವೂ ನಿಲ್ಲಿ, ಅವನನ್ನೂ ನಿಲ್ಲಿಸಿ, ನಗಿ, ಮತ್ತೆ ಓಡಿ. ಮನೆಯವರೆಲ್ಲ ಆ ಒಂದು ಪದವನ್ನೇ ಬಳಸಿ. ಸಣ್ಣಪುಟ್ಟದಕ್ಕೆಲ್ಲ ಅದನ್ನು ಕೂಗಿ ಸವೆಸಬೇಡಿ. ಇಷ್ಟಾದರೂ ರಸ್ತೆಯಲ್ಲಿ ಕೈ ಬಿಡಬೇಡಿ.

ಪ್ರಶ್ನೆ: ಮಗ, ಸೊಸೆ ಇಬ್ಬರೂ ಬೆಂಗಳೂರಿಗೆ ಕಟ್ಟಡದ ಕೆಲಸಕ್ಕೆ ಹೋಗಿದ್ದಾರೆ. ಎರಡೂವರೆ ವರ್ಷದ ಮೊಮ್ಮಗಳು ನನ್ನ ಹತ್ತಿರ ಇದ್ದಾಳೆ. ಏನು ಹೇಳಿದರೂ 'ಒಲ್ಲೆ' ಅನ್ನುತ್ತಾಳೆ. ಕೈ ತೊಳಿ ಅಂದರೆ ಒಲ್ಲೆ, ಬಾ ಅಂದರೆ ಒಲ್ಲೆ. ಮೊಬೈಲ್ ಹಚ್ಚಿ ಕೊಟ್ಟರೆ ಮಾತ್ರ ಉಣ್ಣುತ್ತಾಳೆ. ನನಗೆ ಮೊಣಕಾಲು ನೋವು, ಅವಳ ಹಿಂದೆ ಓಡಲು ಆಗಲ್ಲ. ಪಕ್ಕದ ಮನೆಯ ಹುಡುಗಿಯಿಂದ ಇದನ್ನು ಬರೆಸಿದ್ದೇನೆ.
ಒಬ್ಬ ಅಜ್ಜಿ, ಯಾದಗಿರಿ ಜಿಲ್ಲೆ

ಉತ್ತರ: ಅವ್ವಾ, ಈ ವಯಸ್ಸಿನಲ್ಲಿ ಒಬ್ಬರೇ ಒಂದು ಮಗುವನ್ನು ಸಾಕುತ್ತಿದ್ದೀರಿ. ಅದು ದೊಡ್ಡ ಕೆಲಸ.

'ಒಲ್ಲೆ' ಅನ್ನುವುದು ಈ ವಯಸ್ಸಿನ ಮಾತು. ನಾನು ಬೇರೆ, ಅಜ್ಜಿ ಬೇರೆ, ನನಗೂ ಒಂದು ಇಷ್ಟ ಇದೆ ಅಂತ ಅವಳಿಗೆ ಈಗಷ್ಟೇ ಗೊತ್ತಾಗಿದೆ. ಅದನ್ನು ಹೇಳಲು ಅವಳ ಹತ್ತಿರ ಇರುವ ಪದ ಅದೊಂದೇ. ಹಾಗಂತ ಎಲ್ಲಾ ಒಲ್ಲೆಗೂ ಹೂಂ ಅನ್ನಬೇಕಾಗಿಲ್ಲ. ನಾವು ಕೇಳುವ ರೀತಿ ಬದಲಾದರೆ ಎಷ್ಟೋ ಒಲ್ಲೆಗಳು ತಾವಾಗಿಯೇ ಕಡಿಮೆಯಾಗುತ್ತವೆ. 'ಉಣ್ತೀಯೇನು?' ಅಂತ ಕೇಳಿದರೆ ಒಲ್ಲೆ ಅನ್ನಲು ನಾವೇ ದಾರಿ ಮಾಡಿಕೊಟ್ಟ ಹಾಗೆ. ಉಣ್ಣಲೇಬೇಕು ಅಂದಮೇಲೆ ಕೇಳಬೇಡಿ, ಹೇಳಿ: 'ಉಣ್ಣೂ ಹೊತ್ತಾಯ್ತು.' ಅದರ ಜೊತೆ ಅವಳು ಆರಿಸಿಕೊಳ್ಳಲು ಒಂದು ಸಣ್ಣ ವಿಷಯ ಬಿಟ್ಟುಕೊಡಿ: 'ಕೆಂಪು ತಾಟಿನಾಗ ಉಣ್ತಿಯೋ, ಸ್ಟೀಲ್ ತಾಟಿನಾಗೋ?' ಎರಡೇ ಸಾಕು, ಮೂರಾದರೆ ಗೊಂದಲ. ಎರಡೂ ನಿಮಗೆ ಒಪ್ಪಿಗೆ ಇರುವಂಥವೇ ಆಗಿರಬೇಕು.

ಆಟದ ನಡುವಿನಿಂದ ಒಮ್ಮೆಲೇ ಎಬ್ಬಿಸಬೇಡಿ. 'ಇನ್ನ ಐದು ನಿಮಿಷ' ಅಂದರೆ ಅವಳಿಗೆ ತಿಳಿಯಲ್ಲ. 'ಇನ್ನ ಎರಡು ಸಲ ಜೋಕಾಲಿ, ಆಮ್ಯಾಲ ಕೈ ತೊಳಿಯೋಣ' ಅಂದರೆ ತಿಳಿಯುತ್ತದೆ. ಎರಡು ಸಲ ಆದ ಮೇಲೆ ನಿಲ್ಲಿಸಿಬಿಡಿ, ಮೂರನೆಯದು ಬೇಡ. ದಿನಾ ಅದೇ ಕ್ರಮ ಇರಲಿ: ಕೈ ತೊಳೆಯುವುದು, ತಾಟು ತರುವುದು, ಕುಂದ್ರುವುದು, ಉಣ್ಣುವುದು. ಕೆಲವು ವಾರ ಹಾಗೇ ನಡೆದರೆ ನೀವು ಹೇಳುವ ಮೊದಲೇ ಅವಳೇ ತಾಟು ಹುಡುಕಬಹುದು. ಎರಡೂವರೆ ವರ್ಷಕ್ಕೆ ಎರಡು ಕೆಲಸ ಜೋಡಿಸಿ ಹೇಳಬಹುದು ಅಂತ ಮೇಲೆ ಬರೆದಿದ್ದೇನಲ್ಲ, ಅದಕ್ಕೆ ಈ ದಿನಚರಿಯೇ ಒಳ್ಳೆಯ ಜಾಗ.

ನೀವು ಏಳುವುದು ಕಷ್ಟ, ಹಾಗಾಗಿ ಕೂತಲ್ಲಿಂದಲೇ ಮಾಡಿಸುವ ಆಟ ಇಟ್ಟುಕೊಳ್ಳಿ. ಕಟ್ಟೆಯ ಮೇಲೆ ಕೂತು ಅಕ್ಕಿ ಆರಿಸುವಾಗ ಅವಳನ್ನು ಪಕ್ಕಕ್ಕೆ ಕರೆದು 'ಸಣ್ಣ ಬಟ್ಟಲ ತಾ', 'ಇದನ್ನ ಪುಟ್ಟ್ಯಾಗ ಹಾಕು', 'ಕೋಳಿಗಿ ಕಾಳು ಹಾಕಿ ಬಾ' ಅಂತ ಹೇಳಿ. ಅಂಗಳದಷ್ಟೇ ದೂರ, ನಿಮ್ಮ ಕಣ್ಣ ಮುಂದೆ.

ಮೊಬೈಲ್ ಬಗ್ಗೆ ಕಡ್ಡಿ ಮುರಿದ ಹಾಗೆ ಹೇಳುತ್ತೇನೆ, ಊಟದ ಹೊತ್ತಿಗೆ ಬೇಡವೇ ಬೇಡ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಕೊಟ್ಟ ಸಲಹೆಯಲ್ಲಿ ಎರಡರಿಂದ ನಾಲ್ಕು ವರ್ಷದ ಮಕ್ಕಳು ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಹೊತ್ತು ಸ್ಕ್ರೀನ್ ಮುಂದೆ ಕೂರಬಾರದು, ಅದಕ್ಕಿಂತ ಕಡಿಮೆಯಾದಷ್ಟೂ ಒಳ್ಳೆಯದು ಅಂತ ಇದೆ. ಆದರೆ ನನ್ನ ಚಿಂತೆ ಬರೀ ಗಂಟೆಯದ್ದಲ್ಲ. ಕಣ್ಣು ಮೊಬೈಲಿನಲ್ಲಿರುವಾಗ ಅವಳಿಗೆ ನಿಮ್ಮ ಮಾತು ಕೇಳಿಸುವುದಿಲ್ಲ, ಹೊಟ್ಟೆ ತುಂಬಿದ್ದೂ ತಿಳಿಯುವುದಿಲ್ಲ. 'ಬ್ಯಾಳಿ ಬೇಕಾ, ಬಿಸಿ ಅದ, ಊದು, ನೀರು ಹಿಡಿ' ಅಂತ ಮಾತು ಕಲಿಯುವ ಹೊತ್ತೇ ಅದು, ಅದೂ ಹೋಗುತ್ತದೆ. ಎಲ್ಲಾ ಊಟಕ್ಕೂ ಒಮ್ಮೆಲೇ ನಿಲ್ಲಿಸಲು ಆಗದಿದ್ದರೆ ಅವಳಿಗೆ ಜಾಸ್ತಿ ಹಸಿವಾಗುವ ಒಂದು ಊಟದಿಂದ ಶುರು ಮಾಡಿ. ಮೊಬೈಲ್ ಒಳಗಿನ ಕೋಣೆಯಲ್ಲಿ ಇರಲಿ. ನೀವೂ ಅವಳ ಜೊತೆಗೇ ಉಣ್ಣಿ. ಕೆಲವು ದಿನ ಅಳುತ್ತಾಳೆ, ಕಡಿಮೆ ಉಣ್ಣುತ್ತಾಳೆ, ಗಾಬರಿ ಆಗಬೇಡಿ. ಆಡಿಕೊಂಡಿರುವ ಮಗು ಒಂದು ಊಟ ಬಿಟ್ಟರೆ ಇನ್ನೊಂದರಲ್ಲಿ ತುಂಬಿಸಿಕೊಳ್ಳುತ್ತದೆ. ತೂಕ ಇಳಿಯುತ್ತಿದೆ ಅನಿಸಿದರೆ ಅಂಗನವಾಡಿಯಲ್ಲಿ ತೂಗಿಸಿ ನೋಡಿ.

ಅಪ್ಪ, ಅವ್ವನ ವಿಡಿಯೊ ಕಾಲ್ ಮಾತ್ರ ಬೇರೆ. ಅದನ್ನು ದಯವಿಟ್ಟು ನಿಲ್ಲಿಸಬೇಡಿ. 'ಹೊಸ ಅಂಗಿ ತೋರ್ಸು', 'ಅಜ್ಜಿಗಿ ಮುತ್ತು ಕೊಡು' ಅಂತ ಅಲ್ಲಿಂದ ಅವರು ಹೇಳಲಿ, ಇಲ್ಲಿ ಇವಳು ಓಡಿ ಹೋಗಿ ತರಲಿ. ಅವರಿಗೂ ಮಗಳನ್ನು ಬೆಳೆಸುವುದರಲ್ಲಿ ಒಂದು ಕೈ ಸಿಗುತ್ತದೆ. ಹಬ್ಬಕ್ಕೆ ಬಂದು ಹೋದ ಮೇಲೆ ಒಂದಷ್ಟು ದಿನ ಒಲ್ಲೆ ಜಾಸ್ತಿಯಾಗುತ್ತದೆ, ರಾತ್ರಿ ಅಳುತ್ತಾಳೆ. ಅದು ಹಟವಲ್ಲ, ಸಂಕಟ. ಆಗ ಹೊಸದೇನೂ ಕಲಿಸಬೇಡಿ, ಎತ್ತಿಕೊಳ್ಳಿ ಸಾಕು. ಮೂರು ವರ್ಷ ತುಂಬಿದ ಮೇಲೆ ಅಂಗನವಾಡಿಗೆ ಕಳಿಸಿ. ಅವಳಿಗೆ ಜೊತೆ ಸಿಗುತ್ತದೆ, ನಿಮಗೆ ನಾಲ್ಕು ಗಳಿಗೆ ವಿಶ್ರಾಂತಿ.

ಪ್ರಶ್ನೆ: ನಮ್ಮದು ಭಾಲ್ಕಿ ಕಡೆ. ಮನೆಯಲ್ಲಿ ನಾನು ಕನ್ನಡ, ಹೆಂಡತಿ ಮತ್ತು ಅತ್ತೆ ಮರಾಠಿ, ಓಣಿಯಲ್ಲೆಲ್ಲ ಉರ್ದು. ಎರಡು ವರ್ಷದ ಮಗಳಿಗೆ ಇದರಿಂದ ಗೊಂದಲವಾಗಿ ಹೇಳಿದ್ದು ತಿಳಿಯುತ್ತಿಲ್ಲ, ಒಂದೇ ಭಾಷೆ ಮಾತಾಡಿ, ಅದೂ ಇಂಗ್ಲಿಷ್ ಆದರೆ ಶಾಲೆಗೆ ಅನುಕೂಲ ಅಂತ ಸಂಬಂಧಿಕರು ಹೇಳುತ್ತಾರೆ.
ಒಬ್ಬ ತಂದೆ, ಬೀದರ್ ಜಿಲ್ಲೆ

ಉತ್ತರ: ಎರಡು ಮೂರು ಭಾಷೆ ಕೇಳಿ ಬೆಳೆದರೆ ಮಗುವಿನ ತಿಳಿವಳಿಕೆ ಹಿಂದೆ ಬೀಳುವುದಿಲ್ಲ. ಬೀದರ್‌ನ ಎಷ್ಟೋ ಮಕ್ಕಳು ಹೀಗೇ ಬೆಳೆದಿದ್ದಾರೆ, ನೀವೂ ಹಾಗೇ ಬೆಳೆದಿರಬೇಕು ಅಲ್ವಾ? ಒಂದು ಭಾಷೆಯಲ್ಲಿ ಕೆಲವು ಪದ, ಇನ್ನೊಂದರಲ್ಲಿ ಕೆಲವು ಪದ ಇರುತ್ತವೆ, ಎಲ್ಲ ಸೇರಿಸಿ ಲೆಕ್ಕ ಹಾಕಬೇಕು.

ನೀವು ಕನ್ನಡದಲ್ಲೇ ಹೇಳಿ, ಅವರು ಮರಾಠಿಯಲ್ಲೇ ಹೇಳಲಿ. ಯಾರಿಗೆ ಯಾವ ಭಾಷೆ ಎದೆಯಿಂದ ಬರುತ್ತದೋ ಅದರಲ್ಲೇ ಮಾತು ಚಿಕ್ಕದಾಗಿ, ಸರಿಯಾಗಿ ಬರುತ್ತದೆ. ಬಾರದ ಇಂಗ್ಲಿಷಿನಲ್ಲಿ 'ಕಮ್, ಸಿಟ್' ಅನ್ನುವುದರಿಂದ ಸಿಗುವುದು ನಾಲ್ಕು ಪದ, ಕಳೆದುಕೊಳ್ಳುವುದು ಅಪ್ಪನ ಜೊತೆಗಿನ ಮಾತುಕತೆ. ಒಂದನ್ನು ಮಾತ್ರ ತಪ್ಪಿಸಿ. 'ಇಲ್ಲಿ ಬಾ, ಇಕಡೆ ಯೇ, ಇಧರ್ ಆ' ಅಂತ ಒಂದೇ ಮಾತನ್ನು ಮೂವರು ಮೂರು ಭಾಷೆಯಲ್ಲಿ ಒಟ್ಟಿಗೆ ಕೂಗಬೇಡಿ. ಹೇಳಲು ಶುರು ಮಾಡಿದವರೇ ಮುಗಿಸಲಿ, ಉಳಿದವರು ಸುಮ್ನೆ ಇರಲಿ. ಇದು ಒಂದೇ ಭಾಷೆಯ ಕೂಡು ಕುಟುಂಬಕ್ಕೂ ಅಷ್ಟೇ ಅನ್ವಯಿಸುತ್ತದೆ.

ಮಗಳಿಗೆ ತಿಳಿಯುತ್ತದೋ ಇಲ್ಲವೋ ಅಂತ ನೋಡಬೇಕಾದರೆ ಅವಳ ಜೊತೆ ಜಾಸ್ತಿ ಇರುವವರ ಭಾಷೆಯಲ್ಲಿ, ಸನ್ನೆ ಮಾಡದೆ, ಗೊತ್ತಿರುವ ವಸ್ತು ತರಲು ಹೇಳಿ. ಯಾವ ಭಾಷೆಯಲ್ಲೂ ತರುತ್ತಿಲ್ಲ ಅಂದರೆ ಕಾರಣ ಭಾಷೆಗಳಲ್ಲ. ಕೆಳಗಿನ ಉತ್ತರ ಓದಿ.

ಪ್ರಶ್ನೆ: ಮಗಳಿಗೆ ಒಂದೂವರೆ ವರ್ಷ. ಹೆಸರು ಕರೆದರೆ ತಿರುಗುವುದು ಅಪರೂಪ. 'ಕೊಡು', 'ಬಾ' ಏನೂ ತಿಳಿದ ಹಾಗೆ ಕಾಣಲ್ಲ. ಬಾಗಿಲು ಬಡಿದರೆ ಬೆಚ್ಚುತ್ತಾಳೆ, ಹಾಗಾಗಿ ಕಿವಿ ಸರಿ ಇದೆ ಅಂತ ಮನೆಯವರು ಅನ್ನುತ್ತಾರೆ. ಪದೇ ಪದೇ ನೆಗಡಿ ಆಗುತ್ತದೆ, ಎರಡು ಸಲ ಕಿವಿ ಸೋರಿತ್ತು. 'ಅವರಪ್ಪನೂ ತಡಾ ಮಾಡೇ ಮಾತಾಡ್ಯಾನ, ಬರ್ತದ ಬಿಡು' ಅನ್ನುತ್ತಾರೆ. ಕಾಯಬಹುದಾ?
ಒಬ್ಬ ತಾಯಿ, ಚಿತ್ತಾಪುರ ತಾಲ್ಲೂಕು

ಉತ್ತರ: ಕಾಯಬೇಡಿ. ಇದೊಂದು ಪತ್ರಕ್ಕೆ ನನ್ನ ಉತ್ತರ ಉಳಿದವುಗಳ ಹಾಗಲ್ಲ. ಇಲ್ಲಿ ಹೇಳುವ ರೀತಿ ಬದಲಿಸಿದರೆ ಸಾಲದು, ಮೊದಲು ಕಿವಿ ಪರೀಕ್ಷೆ ಆಗಬೇಕು.

ಬಾಗಿಲಿನ ಸದ್ದಿಗೆ ಬೆಚ್ಚಿದರೆ ಕಿವಿ ಪೂರ್ತಿ ಸರಿ ಇದೆ ಅಂತ ಅರ್ಥವಲ್ಲ. ದೊಡ್ಡ ಸದ್ದು ಕೇಳಿಸಿ ಮಾತು ಕೇಳಿಸದೆ ಇರಬಹುದು, ಕೆಲವು ಅಕ್ಷರ ಕೇಳಿಸಿ ಕೆಲವು ಕೇಳಿಸದೆ ಇರಬಹುದು. ನೆಗಡಿಯ ನಂತರ ಕಿವಿ ತಮಟೆಯ ಹಿಂದೆ ನೀರು ನಿಲ್ಲುವುದು ಪುಟ್ಟ ಮಕ್ಕಳಲ್ಲಿ ತುಂಬಾ ಸಾಮಾನ್ಯ. ನೋವು ಇರುವುದಿಲ್ಲ, ಹೊರಗೆ ಏನೂ ಕಾಣುವುದಿಲ್ಲ, ಆದರೆ ಕೇಳಿಸುವುದು ಮಂಕಾಗುತ್ತದೆ. ಒಂದು ವಾರ ಚೆನ್ನಾಗಿ ತಿರುಗುತ್ತಾಳೆ, ಇನ್ನೊಂದು ವಾರ ಇಲ್ಲ. ಮನೆಯವರಿಗೆ ಇದು ಮೊಂಡುತನದ ಹಾಗೆ ಕಾಣುತ್ತದೆ. ಎರಡು ಸಲ ಸೋರಿದೆ ಅಂದಮೇಲೆ ಕಿವಿ ಮೂಗು ಗಂಟಲಿನ ಡಾಕ್ಟರು ನೋಡಲೇಬೇಕು. ಕಾಯಿಸಿದ ಎಣ್ಣೆ, ಬಳ್ಳೊಳ್ಳಿ ರಸ, ಕಿವಿಗೆ ಏನೂ ಹಾಕಬೇಡಿ. ಕಡ್ಡಿಯೂ ಬೇಡ.

ಪರೀಕ್ಷೆಗೆ ಹೆದರಬೇಡಿ. ಒಎಇ ಅನ್ನುವ ಪರೀಕ್ಷೆಯಲ್ಲಿ ಕಿವಿಯ ಬಾಯಿಗೆ ಪುಟ್ಟ ನಳಿಕೆ ಇಡುತ್ತಾರೆ, ಕೆಲವೇ ನಿಮಿಷದ ಕೆಲಸ. ಬೇರಾ ಅನ್ನುವುದರಲ್ಲಿ ಮಗು ಮಲಗಿರುವಾಗ ತಲೆಗೆ, ಕಿವಿಯ ಹಿಂದೆ ವೈರ್ ಅಂಟಿಸಿ ಸದ್ದು ಮೆದುಳಿಗೆ ಮುಟ್ಟುತ್ತಿದೆಯಾ ಅಂತ ನೋಡುತ್ತಾರೆ. ಎರಡರಲ್ಲೂ ನೋವಿಲ್ಲ, ಮಗು ಉತ್ತರ ಕೊಡಬೇಕಾಗಿಯೂ ಇಲ್ಲ. ಸರ್ಕಾರದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ 2013ರಿಂದ ಇದೆ. ಅದರ ತಂಡ ವರ್ಷಕ್ಕೆ ಎರಡು ಸಲ ಅಂಗನವಾಡಿಗೆ ಬಂದು ಮಕ್ಕಳನ್ನು ನೋಡಬೇಕು. ಆದರೆ ತಂಡ ಬರುವ ತನಕ ನೀವು ಕಾಯಬೇಕಾಗಿಲ್ಲ, ಆಶಾ ಕಾರ್ಯಕರ್ತೆಗೆ ಹೇಳಿ ಡಿಇಐಸಿ ಅನ್ನುವ ಜಿಲ್ಲಾ ಕೇಂದ್ರಕ್ಕೆ ಚೀಟಿ ಬರೆಸಿಕೊಳ್ಳಿ. ಮಕ್ಕಳ ತೊಂದರೆಗಳನ್ನು ಬೇಗ ಕಂಡುಹಿಡಿಯಲೆಂದೇ ಅದೇ ಕಾರ್ಯಕ್ರಮದಲ್ಲಿ ಈ ಕೇಂದ್ರಗಳನ್ನು ಮಾಡಿದ್ದಾರೆ. ಇಲ್ಲಿ ತೀರ್ಮಾನವಾಗದಿದ್ದರೆ ಮೈಸೂರಿನಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ, 1965ರಿಂದ ಇದೇ ಕೆಲಸ ಮಾಡುತ್ತಿದೆ. ದೂರ ನಿಜ, ಆದರೆ ಬೇಕಾದರೆ ಹೋಗಲೇಬೇಕಾದ ಜಾಗ.

ಕಿವಿ ಸರಿ ಇದೆ ಅಂತ ಬಂದರೆ ಅಲ್ಲಿಗೇ ಬಿಡಬೇಡಿ. ಬೇಕಾದ್ದನ್ನು ಬೆರಳು ಮಾಡಿ ತೋರಿಸುತ್ತಾಳಾ? ತನಗೆ ಇಷ್ಟವಾದ್ದನ್ನು ತಂದು ನಿಮಗೆ ತೋರಿಸುತ್ತಾಳಾ? ನಿಮ್ಮ ಮುಖ ನೋಡಿ ನಗುತ್ತಾಳಾ? ಟಾಟಾ ಮಾಡುತ್ತಾಳಾ? ಇದನ್ನೆಲ್ಲ ಡಾಕ್ಟರಿಗೆ ಹೇಳಿ, ಆಟಿಸಂ (ಮಾತು, ಬೇರೆಯವರ ಜೊತೆ ಬೆರೆಯುವುದು ಬೇರೆ ರೀತಿಯಲ್ಲಿ ಬೆಳೆಯುವ ಸ್ಥಿತಿ) ಬಗ್ಗೆಯೂ ನೋಡಿ ಅಂತ ನೀವೇ ಕೇಳಿ. 16ರಿಂದ 30 ತಿಂಗಳ ಮಕ್ಕಳಿಗೆ ತಂದೆ ತಾಯಿಗೆ ಪ್ರಶ್ನೆ ಕೇಳಿಯೇ ಮಾಡುವ ಒಂದು ಮೊದಲ ಹಂತದ ಪರೀಕ್ಷೆ ಇದೆ. ಏನೇ ಬಂದರೂ ಅದು ನೀವು ಬೆಳೆಸಿದ ರೀತಿಯಿಂದ ಬಂದದ್ದಲ್ಲ, ಯಾರಾದರೂ ಹಾಗೆ ಅಂದರೆ ನಂಬಬೇಡಿ. ಬೇಗ ತಿಳಿದರೆ ಬೇಗ ಸಹಾಯ ಶುರುವಾಗುತ್ತದೆ. ಒಂದೂವರೆ ವರ್ಷಕ್ಕೆ ಶುರುವಾಗುವುದಕ್ಕೂ ನಾಲ್ಕು ವರ್ಷಕ್ಕೆ ಶುರುವಾಗುವುದಕ್ಕೂ ತುಂಬಾ ವ್ಯತ್ಯಾಸ ಇದೆ.

ಅಲ್ಲಿಯವರೆಗೆ ಅವಳ ಎದುರಿಗೆ ಬಂದು, ಮುಖಕ್ಕೆ ಬೆಳಕು ಬೀಳುವ ಹಾಗೆ ಕೂತು, ಪ್ರತಿ ಮಾತಿಗೂ ಕೈಸನ್ನೆ ಸೇರಿಸಿ ಮಾತಾಡಿ. ಹಿಂದಿನಿಂದ ಕರೆಯಬೇಡಿ, ಮುಟ್ಟಿ ಕರೆಯಿರಿ. ಆಸ್ಪತ್ರೆಗೆ ಹೋಗುವಾಗ ತಾಯಿ ಕಾರ್ಡ್ ತಗೊಂಡು ಹೋಗಿ, ಕಿವಿ ಯಾವಾಗ ಸೋರಿತು, ಯಾವ ಔಷಧ ಹಾಕಿದ್ದರು ಅಂತ ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಬೇರಾ ಪರೀಕ್ಷೆಗೆ ಅವಳು ಮಲಗಬೇಕಾಗುತ್ತದೆ, ಹಾಗಾಗಿ ಯಾವ ಹೊತ್ತಿಗೆ ಕರೆದುಕೊಂಡು ಬರಬೇಕು, ಬಸ್ಸಿನಲ್ಲಿ ನಿದ್ದೆ ಮಾಡಿಸಬಹುದಾ ಅಂತ ಮೊದಲೇ ಕೇಳಿಕೊಳ್ಳಿ. ಈ ವಾರವೇ ಹೋಗಿ ಬಂದು ಏನಂದರು ಅಂತ ನನಗೆ ಬರೆಯಿರಿ.